ಸೊಳ್ಳೆ ಕೇಳಿಸದ ತನಿಯಪ್ಪ

ತನಿಯಪ್ಪನಿಗೆ ಸೊಳ್ಳೆ ಕೇಳಿಸುವುದಿಲ್ಲ ಎಂಬುದು ಮೊದಲು ಗೊತ್ತಾದದ್ದು ನನಗೆ. ಈ ಮರಾಠಿ ಊರಿನ ಶನಿವಾರ ಪೇಟೆಯ ನಮ್ಮ ವಾಡೆ ಎಂಬ ಹಳೆಯ ವಠಾರದಲ್ಲಿ ಕೆಳಗೆ ಅವನ ಅಂಗಡಿ, ಮೇಲೆ ನನ್ನ ಖೋಲಿ. ಹಳೆಯ ಕಾಲದ, ಕಪಾಟಿನಂಥ ಸ್ಪೀಕರುಗಳನ್ನು ಬಿಚ್ಚಿ ರಿಪೇರಿ ಮಾಡುವುದು ಅವನ ಕೆಲಸ. ಒಂದು ಸಂಜೆ ಅಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದೆ. ಒಂದು ಸೊಳ್ಳೆ ಅವನ ಕಿವಿಯ ಸುತ್ತ ಹಾಡಿ, ಕಿವಿಯ ಮೇಲೆಯೇ ಕುಳಿತು, ಹೊಟ್ಟೆ ತುಂಬ ಕುಡಿದು ಎದ್ದುಹೋಯಿತು. ಅವನು ಬೆಸುಗೆ ಹಾಕುತ್ತಿದ್ದ ಕೈಯನ್ನು ಅಲುಗಿಸಲಿಲ್ಲ.

"ಏನ್ ತಾಳ್ಮಿನೋ ತನಿಯಪ್ಪಾ ನಿಂದು!" ಅಂದೆ.

"ಎಂತದು ಗೋದಕ್ಕ?"

"ಸೊಳ್ಳಿ."

"ಎಲ್ಲುಂಟು?"

ನಾನು ಸೊಪ್ಪು ಸೋಸುವುದನ್ನು ಮುಂದುವರಿಸಿದೆ.

ಅವನು ಮೂಡಬಿದ್ರೆಯ ಕಡೆಯವನು. ಇಲ್ಲಿಗೆ ಬಂದದ್ದು ಊರಿನವರ ಹೋಟೆಲಿನಲ್ಲಿ ಬಡಿಸಲಿಕ್ಕೆ. ಆ ಹೋಟೆಲಿನ ಸ್ಪೀಕರು ಸಾಂಬಾರಿನ ಹಬೆ ಕುಡಿದು ಕುಡಿದು ಮೂಕವಾಯಿತು. ತನಿಯಪ್ಪ ಅದನ್ನು ಚಮಚದ ಹಿಡಿಯಿಂದ ಬಿಚ್ಚಿದ. ಅದು ಮಾತಾಡಿತು. ಆಮೇಲೆ ಅವನು ಬಡಿಸಲಿಲ್ಲ. ಅವನ ಹೆಂಡತಿ ಪಂಕಜಾಕ್ಷಿ ಇದ್ದಿದ್ದರೆ ಕಿವಿಯ ಸಂಗತಿ ಬೇಗ ಹೊರಬೀಳುತ್ತಿತ್ತು. ಅವಳು ತೀರಿಕೊಂಡ ಮೇಲೆ, ನಿನ್ನ ಫೋನು ಹೊಡಕೊಳ್ಳುತ್ತಿದೆ ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅವನ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಡಬ್ಬಿಯಲ್ಲಿ ದಪ್ಪ ಸ್ವರಕ್ಕೆ ದೊಡ್ಡ ಸ್ಪೀಕರು, ಸಣ್ಣ ಸ್ವರಕ್ಕೆ ಸಣ್ಣ ಸ್ಪೀಕರು. ಸಣ್ಣದರ ಮುಂದೆ ಕೆಪ್ಯಾಸಿಟರ್ ಎಂಬುದು ಕುಳಿತಿರುತ್ತದೆ. ಅದು ಜರಡಿಯ ಹಾಗೆ, ಸಣ್ಣ ಸ್ವರವನ್ನಷ್ಟೇ ಬಿಡುತ್ತದೆ. ವರ್ಷಗಳಾದರೆ ಅದರ ಒಳಗಿನ ರಸ ಒಣಗಿ ಸ್ವರ ಮಂಕಾಗುತ್ತದೆ. ಆಗ ಹೊಸದನ್ನು ಹಾಕಬೇಕು. ಆದರೆ ಹೊಸದು ಧಾರಾಳಿ, ಬೇಕಾದ್ದಕ್ಕಿಂತ ಹೆಚ್ಚು ಬಿಡುತ್ತದೆ. ಅದಕ್ಕೇ ಜೊತೆಗೊಂದು ಚಿಕ್ಕ ರೆಸಿಸ್ಟರ್ ಹಾಕಿ ತಡೆಯುವುದು. ಈ ಪಾಠ ನನಗೆ ಹೇಳಿದವನು ತನಿಯಪ್ಪನೇ. ಈಚೆಗೆ ಅವನೇ ರೆಸಿಸ್ಟರ್ ಹಾಕುವುದನ್ನು ಬಿಟ್ಟಿದ್ದ. ಹಾಕಿದರೆ ಮಂಕಾಗುತ್ತದಂತೆ.

ಇಬ್ಬರು ಗಿರಾಕಿಗಳು ಮುಖ ಗಂಟಿಕ್ಕಿಕೊಂಡು ಹೋಗಿಯಾಗಿತ್ತು. ಮೂರನೆಯವಳು ಕೋಥರೂಡು ಬಡಾವಣೆಯ ಅಂಬಾ, ಹಾಡು ಕಲಿಸುವಾಕೆ, ಬೆಳಗಾವಿಯ ಕಡೆಯವಳು. ತಂದೆಯ ಕಾಲದ ಸ್ಪೀಕರುಗಳನ್ನು ರಿಪೇರಿ ಮಾಡಿಸಿ ಒಯ್ದವಳು ವಾಪಸು ಹೊರಿಸಿಕೊಂಡು ಬಂದಳು.

"ತಂಬೂರಿ ರೆಕಾರ್ಡ್ ಹಚ್ಚಿದ್ರ ಹಲ್ಲು ಜುಮ್ ಅಂತಾವ್ರಿ."

"ಅದು ನಿಮ್ಮ ಮನೆ ಗೋಡೆಯದ್ದು ಮೇಡಂ. ಗೋಡೆ ಬರಿದಾಗಿದ್ರೆ ಹಾಗೇ ಆಗ್ತದೆ."

"ಗ್ವಾಡಿ ನಮ್ಮಪ್ಪ ಇದ್ದಾಗಿಂದೂ ಅವೇ ಅದಾವ್ರಿ. ಹೊಸಾದು ನಿಮ್ಮ ಕೆಪ್ಯಾಸಿಟರ್ ಒಂದೇ. ಮುಂದಿನ ವಾರ ಬರ್ತೇನಿ. ಹಿಂಗೇ ಇದ್ರ ಬುಧವಾರ ಪೇಟಿಯೊಳಗ ಬ್ಯಾರೆಯವ್ರಿಗೆ ಕೊಡ್ತೇನಿ."

ಬುಧವಾರ ಪೇಟೆಯೆಂದರೆ ತುಂಬ ರೇಡಿಯೋ, ಸ್ಪೀಕರು ಅಂಗಡಿಗಳೇ. ತನಿಯಪ್ಪನ ಕೆಲಸ ಕೆಟ್ಟಿತೆಂದು ಅಲ್ಲಿ ಗೊತ್ತಾದರೆ ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ.

ಮರುದಿನ ಅವನನ್ನು ಚಹಾಕ್ಕೆ ಕರೆದೆ. ಒಲೆಗೆ ಬೆನ್ನು ಮಾಡಿ ಕೂರಿಸಿದೆ. ಫ್ಯಾನು ತಿರುಗುತ್ತಿತ್ತು. ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆ. ಪಟಪಟ ಸಿಡಿಯಿತು.

"ಏನರ ಕೇಳಸ್ತೇನು?"

"ಎಂತದೂ ಇಲ್ಲ. ಒಗ್ಗರಣೆ ವಾಸನೆ ಬರ್ತಾ ಉಂಟು."

ಅಂದವನೇ ಕಪ್ಪು ಕೆಳಗಿಟ್ಟ. ತಿರುಗಿ ಬಾಣಲೆ ನೋಡಿದ. ಕೊನೆಯ ಎರಡು ಸಾಸಿವೆ ಹಾರಿ ನೆಲಕ್ಕೆ ಬಿದ್ದವು.

"ಸಿಡೀತಾ ಇತ್ತಾ?"

"ಹೂಂ."

"ಯಾವಾಗಿಂದ ಹೀಗೆ?"

"ನನಗೇನ್ ಗೊತ್ತೋ? ಕಿವಿ ನಿಂದು."

ಅವನು ಚಹಾ ಪೂರ್ತಿ ಕುಡಿದೇ ಎದ್ದ. ಬಾಗಿಲಲ್ಲಿ ನಿಂತು, "ನೀವು ಕೆಳಗೆ ಬನ್ನಿ ಗೋದಕ್ಕ," ಅಂದ.

ಅವನು ಬೇರೆ ಬೇರೆ ರೆಸಿಸ್ಟರ್ ಹಚ್ಚುತ್ತ ಹೋದ, ನಾನು ಕೇಳುತ್ತ ಹೋದೆ. ಟ್ರೆಬಲ್ಲು ಗಿಬಲ್ಲು ನನಗೆ ಬಾರದು. ಮಂಕಾದರೆ "ಎಣ್ಣಿ ಕಾದಿಲ್ಲ" ಅಂದೆ. ಕಿವಿ ಕೊರೆದರೆ "ಸಾಸಿವಿ ಹೊತ್ತೇತಿ" ಅಂದೆ. ಸರಿಯಾದಾಗ "ಸಿಡೀತು" ಅಂದೆ. ಅವನು ಅದನ್ನೇ ಗಟ್ಟಿಯಾಗಿ ಬೆಸೆದ.

ಅಂಬಾ ಬಂದಳು. ತಂಬೂರಿ ಹಚ್ಚಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದಳು.

"ಈಗ ಬರೋಬ್ಬರಿ ಆತ್ರಿ. ನಮ್ಮಪ್ಪನ ಮನಿ ಆತು. ಏನ್ ಮಾಡಿದ್ರಿ?"

ತನಿಯಪ್ಪ ಗೋಡೆಯ ಸುದ್ದಿ ತೆಗೆಯಬಹುದಿತ್ತು. ತೆಗೆಯಲಿಲ್ಲ.

"ಮೇಲಿನ ಸ್ವರ ನನಗೆ ಕೇಳುವುದಿಲ್ಲ ಮೇಡಂ. ಗೋದಕ್ಕ ಕೇಳಿ ಹೇಳಿದ್ರು, ನಾನು ಮಾಡಿದೆ."

ಅಂಬಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ನಮ್ಮನಿಯವ್ರಿಗೂ ಕೇಳ್ಸೂದಿಲ್ರಿ," ಅಂದಳು. "ಅವ್ರು ಇನ್ನೂ ಒಪ್ಪಿಲ್ಲ."

ಸ್ಪೀಕರು ಒಯ್ದಳು. ಬುಧವಾರ ಪೇಟೆಗೆ ಹೋಗಲಿಲ್ಲ. ಮುಂದಿನ ತಿಂಗಳು ತನ್ನ ಗೆಳತಿಯ ಮನೆಯ ಜೋಡಿಯನ್ನೂ ಇಲ್ಲಿಗೇ ಕಳಿಸಿದಳು.

ಈಗ ಮೊಳಕಾಲು ನೋವು. ನಾನು ಕೆಳಗಿಳಿಯುವುದಿಲ್ಲ, ಮೇಲಿನ ಕಿಟಕಿಯಿಂದಲೇ ಕೇಳುತ್ತೇನೆ. ಅವನು ಅಂಗಳಕ್ಕೆ ಬಂದು "ಗೋದಕ್ಕಾ, ಸಿಡೀತಾ?" ಎಂದು ಕೂಗುತ್ತಾನೆ. "ಎಣ್ಣಿ ಕಾದಿಲ್ಲೋ!" ಎಂದು ನಾನು ಕೂಗುತ್ತೇನೆ. ಪಕ್ಕದ ಮನೆಯ ಮರಾಠಿ ಸೊಸೆ ಕನ್ನಡ ಬಲ್ಲವರೊಬ್ಬರಿಂದ ಇದರ ಅರ್ಥ ಕೇಳಿ ತಿಳಿದುಕೊಂಡಳಂತೆ. ಒಂಟಿ ಮುದುಕಿ ದಿನಾ ಇಷ್ಟು ಒಗ್ಗರಣೆ ಹಾಕಿ ಯಾರಿಗೆ ಉಣಿಸುತ್ತಾಳೆ ಎಂಬುದು ವಾಡೆಯಲ್ಲಿ ಈಗಿನ ಚರ್ಚೆ.