ಕಾಫಿಪುಡಿಯ ಜೊತೆ ಬಂದ ಹಡಗಿನ ಪುಸ್ತಕ

ಬಾತ್‌ರೂಮಿನ ಮೇಲಿನ ಲಾಫ್ಟಿನಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಲೆಂಡರುಗಳು, ಮಗಳು ಬಾಲವಾಡಿಯಲ್ಲಿ ಬಿಡಿಸಿದ ಚಿತ್ರಗಳು, ಕೆಟ್ಟುಹೋದ ಒಂದು ಇಸ್ತ್ರಿಪೆಟ್ಟಿಗೆ ಇದ್ದವು. ಎಲ್ಲಕ್ಕಿಂತ ಅಡಿಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕ. ತೆರೆದೆ. ಕಾಫಿಪುಡಿಯ ವಾಸನೆ ಬಂತು! ಅಯ್ಯೋ ದೇವರೇ, ಹದಿನೇಳು ವರ್ಷ ಆದಮೇಲೂ ಒಂದು ವಾಸನೆ ಹೀಗೆ ಕೂತಿರುತ್ತದೆಯೇ? ಅಥವಾ ನನ್ನ ಮೂಗೇ ಎಲ್ಲಿಂದಲೋ ಅದನ್ನು ಎತ್ತಿಕೊಂಡು ಬಂತೋ... ಗೊತ್ತಿಲ್ಲ. ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ.

ಅದನ್ನು ಹುಡುಕುವಂತೆ ಮಾಡಿದವಳು ಮಗಳು. ಭಾನುವಾರದ ಬೆಳಿಗ್ಗೆ, ಗೋರೆಗಾಂವ್‌ನ ನಮ್ಮ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಹಿಂದಿ ಸಿನಿಮಾ ಹಾಕಿಕೊಂಡು ಕೂತಿದ್ದಳು. ಮಂಗಳೂರಿನಿಂದ ಬೊಂಬಾಯಿಗೆ ಹೊರಟ ಸ್ಟೀಮರ್ ಒಂದು ಎಂಜಿನ್ ಕೆಟ್ಟು, ಮಳೆಗಾಲದ ಮುಂಚಿನ ಮಬ್ಬಿನಲ್ಲಿ ಮೂರು ದಿನ ಸಮುದ್ರದ ಮೇಲೆ ತೇಲಿದ ಕಥೆ. ನಿಜವಾಗಿ ನಡೆದದ್ದು. ಆ ಹಡಗಿನಲ್ಲಿದ್ದ ಶಾಲಾ ಮಾಸ್ತರರೊಬ್ಬರು ಕನ್ನಡದಲ್ಲಿ ಬರೆದ ಪುಸ್ತಕದಿಂದ ತೆಗೆದ ಸಿನಿಮಾ ಅದು. ಅದರಲ್ಲಿ ಕುಡಿಯುವ ನೀರಿನ ಪೀಪಾಯಿಯ ಮೇಲೆ ಚೂರಿ ಹಿಡಿದು ಕೂತ ಒಬ್ಬ ಖಳನಾಯಕ ಇದ್ದಾನೆ. ಹೀರೋ ಅವನ ಕೆನ್ನೆಗೆ ಬಾರಿಸಿದಾಗ ಮಗಳು ಚಪ್ಪಾಳೆ ತಟ್ಟಿದಳು.

"ಅಮ್ಮ, ಈ ಪಾನಿವಾಲಾ ಎಷ್ಟು ಘಟಿಯಾ ಆದ್ಮಿ ಅಲ್ವಾ?"

ಅವನು ಎಂಥ ನೀಚ ಎಂಬ ಇದೇ ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳಿದ್ದೆ. ಪುಸ್ತಕ ಓದದೆ, ಓದಿದ್ದೇನೆಂದು ಸುಳ್ಳು ಹೇಳಿ, ಓದು ಎಂದು ಅದನ್ನು ಕೊಟ್ಟವರ ಮುಖಕ್ಕೇ ಹೇಳಿದ್ದೆ. ಆ ಸುಳ್ಳು ಇಷ್ಟು ವರ್ಷ ಚಪ್ಪಲಿಯೊಳಗಿನ ಕಲ್ಲಿನಂತೆ ಆಗಾಗ ಚುಚ್ಚುತ್ತಲೇ ಇತ್ತು. ಇವತ್ತಾದರೂ ಓದಿಬಿಡೋಣ ಎಂದು ಲಾಫ್ಟಿಗೆ ಕೈಹಾಕಿದೆ.

ಪುಸ್ತಕ ಕೊಟ್ಟವರು ಮಾಟುಂಗದ ಮಾರ್ಕೆಟಿನ ಹತ್ತಿರ ಕಾಫಿಪುಡಿ ಅಂಗಡಿ ಇಟ್ಟಿದ್ದ ಮಾಮ. ಎಲ್ಲರೂ ಅವರನ್ನು ಮಾಮ ಎಂದೇ ಕರೆಯುತ್ತಿದ್ದರು. ಆಗ ನನ್ನ ಆಫೀಸು ಬಾಂದ್ರಾದಲ್ಲಿ. ಶನಿವಾರ ಅರ್ಧ ದಿನ ಕೆಲಸ. ಮನೆ ಗೋರೆಗಾಂವ್‌ನಲ್ಲಿದ್ದರೂ ಉಲ್ಟಾ ದಿಕ್ಕಿನ ಲೋಕಲ್ ರೈಲು ಹಿಡಿದು ಮಾಟುಂಗ ರೋಡಿನಲ್ಲಿ ಇಳಿದು, ಸೇತುವೆ ದಾಟಿ, ಮಲ್ಲಿಗೆ ಮೊಳ ಹಾಕುವವರ ಸಾಲನ್ನೂ ಬಾಳೆಲೆಯ ಕಟ್ಟುಗಳನ್ನೂ ಹಾದು ಅಲ್ಲಿಗೆ ಹೋಗುತ್ತಿದ್ದೆ. ಅಮ್ಮನಿಗೆ ಅವರ ಪುಡಿಯೇ ಆಗಬೇಕು, ಬೇರೆಯದು ತಂದರೆ ಮೂಗು ಮುರಿಯುತ್ತಿದ್ದಳು.

ಅಂಗಡಿ ಎಂದರೆ ಎರಡು ಹೆಜ್ಜೆ ಅಗಲ, ಆರು ಹೆಜ್ಜೆ ಉದ್ದ. ಮಧ್ಯಾಹ್ನದ ಬಿಸಿಲು ಬೀದಿಯಿಂದ ಓರೆಯಾಗಿ ಒಳಗೆ ಬೀಳುವ ಹೊತ್ತಿಗೆ ಬೀಸುವ ಯಂತ್ರದಿಂದ ಎದ್ದ ಪುಡಿ ಗಾಳಿಯಲ್ಲಿ ತೇಲುತ್ತಿತ್ತು. ಇಡೀ ಅಂಗಡಿ ಕಂದು ಬಣ್ಣದ ಮಬ್ಬಿನಲ್ಲಿ ಮುಳುಗಿರುತ್ತಿತ್ತು. ಆ ಮಬ್ಬಿನ ನಡುವಿನಿಂದ ಬಿಳಿ ಬನಿಯನ್, ಬಿಳಿ ಪಂಚೆಯ ಮಾಮ ನಿಧಾನವಾಗಿ ಮೂಡಿ ಬರುತ್ತಿದ್ದರು. ಯಂತ್ರದ ಗುಂಯ್ ಸದ್ದಿನಲ್ಲಿ ಬೀದಿಯ ಗಲಾಟೆಯೆಲ್ಲ ದೂರ ಸರಿಯುತ್ತಿತ್ತು. ಅಲ್ಲಿ ನಿಂತಷ್ಟು ಹೊತ್ತು ನಾನು ಮುಂಬಯಿಯಲ್ಲಿದ್ದೇನೆ ಎಂಬುದೂ ಮರೆತುಹೋಗುತ್ತಿತ್ತು.

ಅವರು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕಾಫಿಗೆ ಚಿಕೋರಿ ಎಷ್ಟು ಬೆರೆಸಬೇಕು ಎಂಬ ಅಳತೆ ಪ್ರತಿ ಮನೆಗೂ ಬೇರೆ ಬೇರೆ ಇರುತ್ತದಲ್ಲ, ಅದೇ ಗಿರಾಕಿಯ ಹೆಸರು. ನಮ್ಮ ಮನೆಯದು ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಹಾಗಾಗಿ ನಾನು "ಎಂಬತ್ತು-ಇಪ್ಪತ್ತು". ದೂರದಿಂದ ನನ್ನನ್ನು ಕಂಡ ಕೂಡಲೇ "ಎಂಬತ್ತು-ಇಪ್ಪತ್ತು ಬಂತು" ಎಂದು ನಗುತ್ತಿದ್ದರು. "ಐವತ್ತು-ಐವತ್ತು" ಎಂದರೆ ಪಾಪ, ಒಬ್ಬ ದಪ್ಪ ವಕೀಲರು. "ಚಿಕೋರಿ ಇಲ್ಲ" ಎಂದರೆ ಒಬ್ಬ ಸಿಡುಕಿನ ಟೀಚರಮ್ಮ. ಒಮ್ಮೆ ನಾನು, "ಮಾಮ, ನನಗೂ ಒಂದು ಹೆಸರು ಉಂಟು" ಎಂದೆ. "ಇರಲಿ ಮಾರಾಯ್ತಿ, ಜೋಪಾನವಾಗಿ ಇಟ್ಟುಕೋ" ಎಂದರು.

ಪುಡಿಯನ್ನು ತಕ್ಕಡಿಗೆ ಹಾಕುವಾಗ ಅವರ ಕೈ ಒಂದು ಚಿಟಿಕೆಯಷ್ಟೂ ತಪ್ಪುತ್ತಿರಲಿಲ್ಲ. ಆದರೆ ಅಂಗಡಿಯ ಬಾಯಲ್ಲಿ ಒಂದು ಹಿತ್ತಾಳೆಯ ಕೊಡ, ಅದರ ಮೇಲೊಂದು ಲೋಟ ಸದಾ ಇರುತ್ತಿತ್ತು. ಯಾರು ಬಂದರೂ, ಗಿರಾಕಿಯಿರಲಿ, ಹಮಾಲಿಯಿರಲಿ, ಮೊದಲ ಮಾತು "ನೀರು ಕುಡಿ". ನಾನು ಒಂದು ಲೋಟ ಕುಡಿದು ಸಾಕು ಎಂದರೂ ಇನ್ನೊಂದು ತುಂಬುತ್ತಿದ್ದರು. "ಕಾಫಿಗೆ ಅಳತೆ, ನೀರಿಗೆ ಎಂತ ಅಳತೆ?" ಎನ್ನುತ್ತಿದ್ದರು. ಅವರ ಎಡಹುಬ್ಬು ನಡುವೆ ಸೀಳಿಕೊಂಡು ಎರಡಾಗಿತ್ತು. ಅದೇನೆಂದು ಕೇಳಿದ್ದಕ್ಕೆ, "ಹಳೇ ಗಿರಾಕಿಯೊಬ್ಬರ ಸಿಟ್ಟು" ಎಂದು ಯಂತ್ರದ ಕಡೆ ತಿರುಗಿದ್ದರು. ಕಾಫಿ ಕಹಿಯಾಯಿತೆಂದು ಯಾರಾದರೂ ಹೀಗೆ ಹೊಡೆಯುತ್ತಾರೆಯೇ ಎಂದು ನಾನು ಬಹಳ ದಿನ ಯೋಚಿಸಿದ್ದುಂಟು.

ಬಿಸಿಪುಡಿಯ ಪೊಟ್ಟಣದ ಬಾಯಿ ಕಟ್ಟಬಾರದು ಎಂಬುದು ಅವರ ಕಟ್ಟಪ್ಪಣೆ. "ಮನೆಗೆ ಹೋಗುವವರೆಗೆ ಅದು ಉಸಿರಾಡಲಿ." ಹಾಗೆ ಬಾಯಿ ತೆರೆದ ಪೊಟ್ಟಣವನ್ನು ಬಟ್ಟೆಚೀಲದಲ್ಲಿ ಇಟ್ಟುಕೊಂಡು ಲೇಡೀಸ್ ಡಬ್ಬಿ ಹತ್ತಿದರೆ ಗೋರೆಗಾಂವ್‌ವರೆಗೂ ಇಡೀ ಡಬ್ಬಿಗೆ ನನ್ನ ಕಾಫಿಯ ಪರಿಮಳ. ಕಿಟಕಿಯ ಬಳಿ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟು ಮೂಗರಳಿಸಿ, ಯಾವುದೋ ಕನಸಿನಲ್ಲಿರುವಂತೆ ನಕ್ಕು, ಮತ್ತೆ ಕಣ್ಣು ಮುಚ್ಚುತ್ತಿದ್ದರು...

ಆ ಸಿನಿಮಾ ಬಂದಾಗ ಮಾಟುಂಗಕ್ಕೆ ಮಾಟುಂಗವೇ ಹೋಗಿ ನೋಡಿತು. ನಮ್ಮ ಕಡೆಯವರ ಕಥೆ ಹಿಂದಿಯಲ್ಲಿ ಬಂದಿದೆ ಎಂದರೆ ಬಿಡುತ್ತಾರೆಯೇ? ನಾನೂ ಆಫೀಸಿನ ಗೆಳತಿಯರ ಜೊತೆ ಬಾಂದ್ರಾದಲ್ಲಿ ನೋಡಿ, ಅತ್ತು, ಮೂಗು ಒರೆಸಿಕೊಂಡು, ಮುಂದಿನ ಶನಿವಾರ ಮಾಮನ ಎದುರು ಕಥೆ ಬಿಚ್ಚಿದೆ. ಅವರು ಪುಡಿ ಅಳೆಯುತ್ತಾ ಕೇಳಿದರು.

"ನಾನೂ ನೋಡಿದೆ. ಚಂದ ಉಂಟು. ಆದರೆ ಸಮುದ್ರ ಮಾತ್ರ ಉಂಟು, ಬಾಯಾರಿಕೆ ಇಲ್ಲ. ನೀನು ಪುಸ್ತಕ ಓದು."

ತಕ್ಕಡಿಯ ಪಕ್ಕದಿಂದ ಪುಸ್ತಕ ತೆಗೆದು, ಪುಡಿ ಕಟ್ಟುವ ಕಾಗದವನ್ನೇ ಅದಕ್ಕೆ ಹೊದಿಸಿ, ನನ್ನ ಚೀಲದಲ್ಲಿ ಬಿಸಿ ಪೊಟ್ಟಣದ ಪಕ್ಕ ಇಟ್ಟರು. ಸಿನಿಮಾ ನೋಡಿ ಬಂದ ಪ್ರತಿಯೊಬ್ಬ ಗಿರಾಕಿಗೂ ಅವರು ಹಾಗೆಯೇ ಕೊಡುತ್ತಿದ್ದರು. ಇದ್ದದ್ದು ಒಂದೇ ಪ್ರತಿ, ಕಾಫಿಪುಡಿಯ ಜೊತೆ ಮನೆಯಿಂದ ಮನೆಗೆ ಸುತ್ತುತ್ತಿತ್ತು. ತಿರುಗಿ ಕೊಡುವವರನ್ನು ಅವರು ಕೇಳುತ್ತಿದ್ದದ್ದು ಒಂದೇ: "ನೀರಿನ ಭಾಗ ಓದಿದೆಯಾ?" ವಕೀಲರು "ಟೈಮ್ ಆಗಲಿಲ್ಲ ಮಾಮ" ಎಂದದ್ದನ್ನು ನಾನೇ ಕೇಳಿದ್ದೇನೆ. ಟೀಚರಮ್ಮ ಅದರಲ್ಲಿ ಮುದ್ರಣದ ತಪ್ಪುಗಳನ್ನು ಹುಡುಕಿಕೊಂಡು ಬಂದಿದ್ದರು.

ನನ್ನ ಕಥೆ ಇವರಿಗಿಂತ ಕಡೆ. ಲೋಕಲ್‌ನಲ್ಲಿ ನಾಲ್ಕು ಪುಟ ಓದಿದೆ. ಮಾಸ್ತರರು ಊರಿನಿಂದ ಬಂದರಿಗೆ ತಲುಪುವುದಕ್ಕೇ ನಾಲ್ಕು ಪುಟ ತೆಗೆದುಕೊಂಡಿದ್ದರು. ಕಥೆ ಹೇಗೂ ಗೊತ್ತಲ್ಲ, ಇನ್ನೇಕೆ ಓದುವುದು ಎಂಬ ಸೋಮಾರಿತನ. ಮೂರು ಶನಿವಾರ ನೆಪ ಹೇಳಿದೆ. ನಾಲ್ಕನೆಯ ಶನಿವಾರ ನಾಚಿಕೆಯಾಗಿ ಪುಸ್ತಕ ಒಯ್ದೆ.

"ಓದಿ ಆಯ್ತು ಮಾಮ."

ಅವರು ಯಂತ್ರ ನಿಲ್ಲಿಸಿದರು. ಗಿರಾಕಿ ಎದುರಿಗಿರುವಾಗ ಅವರು ಯಂತ್ರ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೀದಿಯ ಸದ್ದೆಲ್ಲ ತಟ್ಟನೆ ಒಳಗೆ ನುಗ್ಗಿತು.

"ನೀರಿನ ಭಾಗ?"

"ಓದಿದೆ."

"ಎಂತ ಅನ್ನಿಸಿತು?"

"ಎಂಥ ಕಟುಕ ಮಾಮ ಅವನು! ಕೂಸು ಅಳುತ್ತಿದ್ದರೂ ನೀರು ಕೊಡದೆ ಚೂರಿ ತೋರಿಸುತ್ತಾನಲ್ಲ. ಹೀರೋ ಕೊಟ್ಟ ಪೆಟ್ಟು ಸಾಲದು."

ಮಾಮ ನನ್ನನ್ನು ನೋಡಿದರು. ಬೈಯಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಬಹಳ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಕಾದ ಮೇಲೆ ಬಂದ ರೈಲು ನಿಲ್ಲದೆ ಹೋದಾಗ ಜನ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು. ಆಮೇಲೆ ಒಂದು ಚಿಕ್ಕ ಚೀಟಿಯಲ್ಲಿ ಪೆನ್ಸಿಲಿನಿಂದ ಏನೋ ಬರೆದು, ಪುಸ್ತಕದ ನಡುವೆ ಒಂದು ಕಡೆ ಸಿಕ್ಕಿಸಿ, ಮತ್ತೆ ನನ್ನ ಚೀಲಕ್ಕೇ ಹಾಕಿದರು.

"ಅದು ಸಿನಿಮಾ. ಇದನ್ನು ನೀನೇ ಇಟ್ಟುಕೋ. ಯಾವಾಗಲಾದರೂ ಓದು, ಅವಸರ ಇಲ್ಲ."

ಸುಳ್ಳು ಅವರಿಗೆ ಗೊತ್ತಾಗಿದೆ ಎಂದು ತಿಳಿದು ಕಿವಿ ಬಿಸಿಯಾಯಿತು. ಸೇತುವೆಯ ಮೇಲೆ ನಡೆಯುವಾಗ ಅತ್ತೆ. ಆದರೂ ಓದಲಿಲ್ಲ ನೋಡಿ! ನಾಚಿಕೆ ತಂದ ವಸ್ತುವನ್ನು ಕಣ್ಣಿಗೆ ಬೀಳದ ಕಡೆ ಇಡುವುದು ನನ್ನ ಹುಟ್ಟುಗುಣ. ಪುಸ್ತಕ ಕಪಾಟಿನ ಮೇಲಕ್ಕೆ ಹೋಯಿತು, ಮದುವೆಯಾದ ಮೇಲೆ ಪೆಟ್ಟಿಗೆಗೆ ಹೋಯಿತು. ಆಮೇಲಿನ ಶನಿವಾರಗಳಲ್ಲಿ ಮಾಮ ಅದರ ಮಾತನ್ನೇ ಎತ್ತಲಿಲ್ಲ. ಅದೇ ನಗು, ಅದೇ ಎರಡು ಲೋಟ ನೀರು. ತಕ್ಕಡಿಯ ಪಕ್ಕ ಪುಸ್ತಕವಿದ್ದ ಜಾಗ ಮಾತ್ರ ಖಾಲಿ ಇರುತ್ತಿತ್ತು. ಆ ಒಂದೇ ಪ್ರತಿಯನ್ನು ನನಗೆ ಕೊಟ್ಟುಬಿಟ್ಟಿದ್ದರು.

ಮದುವೆಯ ಮೇಲೆ ಹೋಗುವುದು ಕಡಿಮೆಯಾಯಿತು. ಮಗಳು ಹುಟ್ಟಿ, ಅವಳಿಗೆ ಅನ್ನ ತಿನ್ನಿಸುವ ಹೊತ್ತಿಗೆ ಒಂದು ದಿನ ಅಮ್ಮನ ಒತ್ತಾಯಕ್ಕೆ ಹೋದರೆ ಅಲ್ಲಿ ಮೊಬೈಲ್ ಕವರಿನ ಅಂಗಡಿ, ಕಣ್ಣು ಕೋರೈಸುವ ದೀಪ. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತದೆ, "ಮಾಮ ಹೋಗಿಬಿಟ್ರು ತಾಯಿ, ದೀಪಾವಳಿ ಮುಂಚೆನೇ" ಎಂದಳು. ಬಾಯಿ ಒಣಗಿ ಬಂತು. ಅಭ್ಯಾಸಬಲದಿಂದ ಅಂಗಡಿಯ ಬಾಯಲ್ಲಿ ಕೊಡಕ್ಕಾಗಿ ನೋಡಿದೆ.

ಈಗ ಸ್ಟೂಲಿನ ಮೇಲೆ ಕೂತು, ಚೀಟಿ ಇಟ್ಟ ಪುಟ ತೆರೆದೆ. ಚೀಟಿಯಲ್ಲಿ ಅವರ ದಪ್ಪ ಅಕ್ಷರ: ಎಂಬತ್ತು-ಇಪ್ಪತ್ತು. ಇದು ನಿನಗೆ, ಇಲ್ಲಿಂದ ಓದು ಎಂದಂತೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಏನಮ್ಮ ಅದು?" ಎಂದು ಬಂದಳು. "ನಿನ್ನ ಸಿನಿಮಾದ ಅಸಲಿ ಪುಸ್ತಕ. ಕೂತ್ಕೋ, ಆ ಪಾನಿವಾಲಾ ಯಾರು ಅಂತ ಕೇಳು" ಎಂದು ಗಟ್ಟಿಯಾಗಿ ಓದತೊಡಗಿದೆ.

ಪೀಪಾಯಿಯ ಪಕ್ಕ ಕೂತಿದ್ದವನು ಹೋಟೆಲ್ ಕೆಲಸಕ್ಕೆ ಮರಳುತ್ತಿದ್ದ ಒಬ್ಬ ತರುಣ ಎಂದು ಮಾಸ್ತರರು ಬರೆದಿದ್ದರು. ಅಳತೆ ತಪ್ಪದ ಕೈ ಎಂದು ಕ್ಯಾಪ್ಟನ್ ಅವನಿಗೆ ನೀರು ಹಂಚುವ ಕೆಲಸ ಒಪ್ಪಿಸಿದ್ದ. ಅವನ ಕೈಯಲ್ಲಿ ಚೂರಿ ಇರಲಿಲ್ಲ, ಹಿತ್ತಾಳೆಯ ಲೋಟ ಇತ್ತು. ಅವನು ಯಾರ ಹೆಸರನ್ನೂ ಕೇಳಲಿಲ್ಲ, ಹೇಳಬಂದರೆ ಕಿವಿ ಮುಚ್ಚಿಕೊಂಡ. ಹೆಸರು ಗೊತ್ತಾದರೆ ಅಳತೆಯಲ್ಲಿ ಕೈ ಜಾರುತ್ತದೆ ಎಂದ. ಎಲ್ಲರನ್ನೂ ಅವರವರ ಪಾಲಿನಿಂದಲೇ ಕರೆದ. ಮಾಸ್ತರರು ಅವನಿಗೆ "ಅರ್ಧ ಲೋಟ". ಕೂಸಿನ ತಾಯಿ "ಮುಕ್ಕಾಲು ಲೋಟ"...

ಓದುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡೆ. ಗೋರೆಗಾಂವ್‌ನ ಆ ಪುಟ್ಟ ಪ್ಯಾಸೇಜಿನಲ್ಲಿ ಬಿಸಿಲಿಗೆ ಧೂಳು ತೇಲುತ್ತಿತ್ತು. ಅದು ಕಂದು ಬಣ್ಣಕ್ಕೆ ತಿರುಗಿದಂತೆ, ಎಲ್ಲೋ ಯಂತ್ರ ಗುಂಯ್‌ಗುಡುತ್ತಿರುವಂತೆ, ಬಿಳಿ ಬನಿಯನ್ನಿನ ಒಬ್ಬರು ಅದರೊಳಗಿಂದ ನಿಧಾನವಾಗಿ ಮೂಡಿ ಬಂದಂತೆ ಅನ್ನಿಸಿತು.

"ಅಮ್ಮ, ರೋ ರಹೀ ಹೋ? ಮುಂದೆ ಓದು ನಾ."

ಓದಿದೆ. ಎರಡನೆಯ ದಿನ ನೀರು ಸಾಲದೆ ಹುಚ್ಚಾದ ಒಬ್ಬ ತಾಮ್ರದ ಮುಚ್ಚಳ ಎಸೆದ. ತರುಣನ ಎಡಹುಬ್ಬು ಸೀಳಿತು. ಅವನು ರಕ್ತವನ್ನು ಹೆಗಲಿಗೆ ಒರೆಸಿಕೊಂಡು, ಸರದಿ ಬಂದಾಗ ಎಸೆದವನಿಗೂ ಅವನ ಅರ್ಧ ಲೋಟ ಕೊಟ್ಟ. ಮಾಸ್ತರರೂ ಎಲ್ಲರ ಜೊತೆ ಸೇರಿ ಅವನಿಗೆ ಬಾಯಿಗೆ ಬಂದಂತೆ ಬೈದಿದ್ದರು. ಕೂಸಿನ ತಾಯಿಗೆ ಹೆಚ್ಚು ಸಿಗುತ್ತಿದ್ದ ಕಾಲು ಲೋಟ ಅವನ ಸ್ವಂತ ಪಾಲಿನದು ಎಂದು ಅವರಿಗೆ ತಿಳಿದದ್ದು ಮೂರನೆಯ ದಿನ, ಅವನು ಪೀಪಾಯಿಗೆ ಒರಗಿದಲ್ಲೇ ಎಚ್ಚರ ತಪ್ಪಿದಾಗ. ಹಡಗು ದಡ ಸೇರಿದ ಮೇಲೆ ತಪ್ಪಾಯಿತು ಎನ್ನಲು ಹುಡುಕಿದರಂತೆ. ಬಂದರಿನ ಜನಜಾತ್ರೆಯಲ್ಲಿ ಸಿಗಲಿಲ್ಲ. ಯಾರನ್ನಾದರೂ ವಿಚಾರಿಸೋಣ ಎಂದರೆ ಹೆಸರು ಗೊತ್ತಿಲ್ಲ. ನಮ್ಮ ಹೆಸರು ಅವನಿಗೆ ಬೇಡವಾಗಿತ್ತು ಸರಿ, ಅವನ ಹೆಸರನ್ನು ನಾವೂ ಕೇಳಲಿಲ್ಲವಲ್ಲ ಎಂದು ಬರೆದು ಮಾಸ್ತರರು ಆ ಭಾಗವನ್ನು ಮುಗಿಸಿದ್ದರು.

ಥಿಯೇಟರಿನಲ್ಲಿ ಶಿಳ್ಳೆಗಳ ನಡುವೆ ಕೂತು ಮಾಮ ಹೀರೋ ಕೊಟ್ಟ ಆ ಪೆಟ್ಟನ್ನು ನೋಡಿರಬೇಕು. ಆಮೇಲೆ ನಾನು, ಅವರ ನೀರು ಕುಡಿದ ಬಾಯಿಯಲ್ಲೇ, ಸಾಲದು ಎಂದೆ. ನಾನೇ ಅವನು ಎಂದು ಅವರು ಒಂದು ಮಾತು ಹೇಳಬಹುದಿತ್ತು. ಯಾರಾದರೂ ಓದಿ ಬಂದು, ಮುಖ ನೋಡಿ, ತಾವಾಗಿಯೇ ಗುರುತು ಹಿಡಿಯಲಿ ಎಂದು ಕಾದರು. ಆ ಆಸೆಯನ್ನು ನನ್ನ ಚೀಲದಲ್ಲಿಟ್ಟು ಕಳಿಸಿದರು. ನಾನು ಅದನ್ನು ಲಾಫ್ಟಿಗೆ ಹಾಕಿದೆ.

ಮಗಳು ಲ್ಯಾಪ್‌ಟಾಪ್ ಮುಚ್ಚಿದ್ದಳು. "ಆಮೇಲೆ ಅವನು ಎಲ್ಲಿ ಹೋದ?"

"ಮಾಟುಂಗಕ್ಕೆ. ಕಾಫಿಪುಡಿ ಅಂಗಡಿ ಇಟ್ಟರು. ಪ್ರತಿ ಶನಿವಾರ ನನಗೆ ಎರಡು ಲೋಟ ನೀರು ಕೊಡುತ್ತಿದ್ದರು."

ಅವಳು ಕಣ್ಣರಳಿಸಿದಳು. "ಸಚ್ಚೀ? ನಿಂಗೆ ಗೊತ್ತಿದ್ರಾ? ಅವರ ಹೆಸರೇನು?"

ಬಾಯಿ ತೆರೆದೆ. ಎಷ್ಟು ಶನಿವಾರಗಳು, ಎಷ್ಟು ಮಾತು... ನಾನೂ ಕೇಳಿರಲಿಲ್ಲ.