ಅತ್ತೆಯ ಇಟಲಿ ಸ್ವೆಟರ್

ಬಾಗಲಕೋಟೆಯ ಚಳಿ ಎಷ್ಟೆಂದು ನಿಮಗೆ ಗೊತ್ತೇ ಇದೆ. ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಅದೂ ಮುಗಿದಿರುತ್ತದೆ. ಆದರೂ ಮೊನ್ನೆ ಮಗಳು ಸ್ವೆಟರ್ ತರಿಸಿದಳು. ಪಾರ್ಸೆಲ್ ಬಿಚ್ಚಿದೊಡನೆ ಹೊಸ ಉಣ್ಣೆಯ ವಾಸನೆ. ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣದ ಚೌಕಗಳು. ಒಂದು ತೋಳು ನೀಲಿ, ಇನ್ನೊಂದು ಬದನೆಕಾಯಿ ಬಣ್ಣ.

“ಇಟಲಿ ಫ್ಯಾಶನ್ ಅಪ್ಪಾ. ಹಿಪ್ಪಿಗಳು ತುಂಡು ಕೂಡಿಸಿ ಹಾಕ್ಕೊಂತಿದ್ರು, ಶ್ರೀಮಂತಿಕಿ ವಿರುದ್ಧ ಬಂಡಾಯ. ಅವರನ್ನ ನೋಡಿ ಅಲ್ಲಿ ಡಿಸೈನರ್‌ಗಳು ಕಲ್ತ್ರು.”

ಕಲಿತರು, ಸರಿ. ಈಗ ಆ ಬಂಡಾಯ ಶ್ರೀಮಂತರಿಗಷ್ಟೇ ಎಟಕುತ್ತದಂತೆ. ನಮಗೆ ಸಿಕ್ಕಿದ್ದು ಅದರ ನಕಲು. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಅಂಥದ್ದೇ ಒಂದು ನನಗೂ ಇತ್ತು.

ಇಳಕಲ್ಲಿನ ನನ್ನ ಸೋದರತ್ತೆ ಮಗ್ಗದ ಮನೆಯವಳು. ನೂಲಿನ ತುಣುಕನ್ನೂ ಎಸೆಯುವವಳಲ್ಲ. ಓಣಿಯವರ ಬಳಿ ಉಳಿದ ಉಣ್ಣೆಯನ್ನೆಲ್ಲ ಬೇಡಿ ತಂದು, ನಾನು ಕಾಲೇಜಿಗೆ ಹೊರಟಾಗ ಸ್ವೆಟರ್ ಹೆಣೆದು ತೊಡಿಸಿದಳು. ನಾನೋ ಪದವೀಧರನಾಗಲಿರುವ ಮಹಾಶಯ! ಬಸ್ಸು ಹುನಗುಂದ ಮುಟ್ಟುವ ಮೊದಲೇ ಅದು ಚೀಲದೊಳಗೆ ಸೇರಿತು. ಹಾಸ್ಟೆಲ್ಲಿನಲ್ಲಿ ಸೈಕಲ್ ಚೈನು ಒರೆಸುವ ಬಟ್ಟೆಯಾಯಿತು. ದೀಪಾವಳಿಗೆ ಅತ್ತೆ ಕೇಳಿದಾಗ, ಯಾರೋ ಕದ್ದರೆಂದೆ.

“ಹೋಗ್ಲಿ ಬಿಡಪಾ, ಒಯ್ದಾಂವಗ ಭಾಳ ಚಳಿ ಇತ್ತೇನೊ.”

ಮುಂದೊಮ್ಮೆ ನಾನಿಲ್ಲದಾಗ ಹಾಸ್ಟೆಲ್ಲಿಗೆ ಬಂದು ರೊಟ್ಟಿಗಂಟು ಇಟ್ಟು ಹೋದಳು. ಆಮೇಲೆ ಆ ಒರೆಸುಬಟ್ಟೆ ಕಾಣಲಿಲ್ಲ, ನಾನೂ ಹುಡುಕಲಿಲ್ಲ. ಮರುವರ್ಷ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ, ಹೊದೆಯಲು ನನಗೊಂದು ಕೌದಿ ಹೊಲಿದು ಕೊಟ್ಟಳು. ಮಿಕ್ಕ ಕೌದಿಗಳಿಗಿಂತ ಅದು ಬೆಚ್ಚಗಿತ್ತು.

ಕೌದಿಯ ಹೊಟ್ಟೆ ಹಸಿದಿರಬಾರದೆಂದು, ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿ ಚೂರು ಇಡುವುದು ನಮ್ಮ ಕಡೆಯ ರೂಢಿ. ಮೊನ್ನೆ, ಇನ್ನೂ ನಾನು ಹೊದೆಯುವ ಅತ್ತೆಯ ಆ ಕೌದಿ ತೋರಿಸಿ ಮಗಳಿಗೆ ಹಾಗೆಂದು ಹೇಳಿದ್ದೇ ತಪ್ಪಾಯಿತು. ಆ ರೊಟ್ಟಿ ನೋಡಲೇಬೇಕೆಂದು ಕತ್ತರಿ ತಂದು ಹೊಲಿಗೆ ಬಿಚ್ಚಿದಳು. ಕೈಗೆ ಹತ್ತಿದ್ದು ಉಣ್ಣೆ. ಎಳೆದಂತೆ ಇಡೀ ಸ್ವೆಟರ್ ಹೊರಬಂತು. ಎದೆಯ ಮೇಲೆ ಚೈನಿನ ಎಣ್ಣೆಯ ಕಪ್ಪು ಗೆರೆಗಳು. ನನಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು.

ಇಳಕಲ್ಲಿಗೆ ಫೋನ್ ಮಾಡಿದೆ.

“ಅತ್ತಿ, ಆ ಸ್ವೆಟರ್ ಯಾರೂ ಕದ್ದಿರಲಿಲ್ಲ.”

“ನನಗ ಗೊತ್ತಿಲ್ಲೇನು? ನಿನ್ನ ಸೈಕಲ್ ಮ್ಯಾಲಿಂದ ನಾನೇ ಎತ್ಕೊಂಡು ಬಂದೆ.”

“ಮತ್ತ ಬೈಲಿಲ್ಲ ಯಾಕ?”

“ಬೈದಿದ್ರ ಹಾಕ್ಕೊಂತಿದ್ದೇನೋ ಹುಚ್ಚಾ? ಈಗ ನೋಡು, ಇಷ್ಟು ವರ್ಷ ಹೊಚ್ಚಿಕೊಂಡಿ.”

ಮಗಳು ನೂರೆಂಟು ಫೋಟೋ ತೆಗೆದು, ಇದೇ ಅಸಲಿ, ತನಗೇ ಬೇಕೆಂದು ಹಟ ಹಿಡಿದಳು. ಕೊಡಲಿಲ್ಲ. ಉಸಿರು ಹಿಡಿದು ನಾನೇ ತೊಟ್ಟೆ; ಹೊಟ್ಟೆಯ ಅರ್ಧಕ್ಕೇ ನಿಂತಿತು. ಹಾಗೇ ಮಧ್ಯಾಹ್ನದ ಇಳಕಲ್ ಬಸ್ಸು ಹತ್ತಿದೆ. ಕಂಡಕ್ಟರ್ ಎರಡು ಸಲ ನೋಡಿ, “ಆರಾಮ ಇಲ್ಲೇನ್ರಿ?” ಎಂದ. ಹುನಗುಂದ ಬಂತು, ಹೋಯಿತು. ಬೆವರು ಧಾರಾಕಾರ ಇಳಿಯುತ್ತಿತ್ತು. ನಾನು ತೆಗೆಯಲಿಲ್ಲ.