ಕೋವಿಗುಂಡುಗಳ ಮಹಡಿಯಲ್ಲಿ ಕಲಾವತಿ

ಬೆಳಗಿನ ಲಿಂಗಪೂಜೆ ಮುಗಿಯದೆ ಕಲಾವತಿ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕುವವಳಲ್ಲ. ಕೊರಳಿನ ಲಿಂಗವಸ್ತ್ರವನ್ನು ಬಿಚ್ಚಿ, ನೆಲ್ಲಿಕಾಯಿಗಿಂತ ತುಸು ಚಿಕ್ಕದಾದ ಕರಿಯ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಒಂದು ಹೂವು ಏರಿಸಿ, ಎವೆಯಿಕ್ಕದೆ ನೋಡುತ್ತ ಕೂರುತ್ತಾಳೆ. ಒಲೆ ಹಚ್ಚುವುದು ಆಮೇಲೆ. ಹೆರಿಗೆಯಾದ ಮರುದಿನವೂ ಆಕೆ ಇದನ್ನು ಬಿಟ್ಟಿರಲಿಲ್ಲ. ಪಕ್ಕದ ಮನೆಯ ಮರಾಠಿ ಮುದುಕಿ ಬಾಯಿ ಮೇಲೆ ಕೈಯಿಟ್ಟುಕೊಂಡಾಗ, "ನಮ್ಮೊಳಗ ಸೂತಕ ಇಲ್ಲ ಆಜೀ, ಲಿಂಗ ಮೈಮ್ಯಾಲೆ ಇದ್ರ ಮುಗೀತು" ಎಂದಿದ್ದಳಂತೆ. ಮೈಮೇಲೆ ಇಲ್ಲದಿದ್ದರೆ? ಅದನ್ನು ಆ ಮುದುಕಿ ಕೇಳಿರಲಿಲ್ಲ. ಕಲಾವತಿಯೂ ಯೋಚಿಸಿರಲಿಲ್ಲ.

ಗದಗದ ಕಡೆಯ ಈ ಹೆಣ್ಣುಮಗಳು ನಾಗಪುರದ ಹತ್ತಿರದ ಖಾಪರಖೇಡಾಕ್ಕೆ ಬಂದು ಮೂವತ್ತಾರು ವರ್ಷವಾಯಿತು. ಗಂಡ ಸಿದ್ದಲಿಂಗಯ್ಯ ಅಲ್ಲಿಯ ವಿದ್ಯುತ್ ಸ್ಥಾವರದ ಬಾಯ್ಲರ್ ವಿಭಾಗದಲ್ಲಿದ್ದ. ಒಣಹಾಕಿದ ಸೀರೆಯ ಮೇಲೆ ಬೂದಿ ಕೂರುವ ಆ ಕ್ವಾರ್ಟರ್ಸಿನಲ್ಲಿಯೇ ಆಕೆ ಮರಾಠಿ ಕಲಿತಳು, ಒಂಟಿ ನೌಕರರಿಗೆ ರೊಟ್ಟಿಯ ಡಬ್ಬಿ ಕಟ್ಟಲು ಕಲಿತಳು. ಗಂಡ ನಿವೃತ್ತನಾದ ಮೇಲೆ ನಾಗಪುರದ ಧರಮಪೇಠದಲ್ಲಿ ಖಾನಾವಳಿ ತೆಗೆದರು. ಅಲ್ಲಿ ಉಣ್ಣಲು ಬರುತ್ತಿದ್ದ ಕೃಷ್ಣಪ್ರಸಾದ ಎಂಬ ಮೈಸೂರಿನ ಕಡೆಯವನು ಒಂದು ಟೂರ್ ಕಂಪನಿಯ ಮ್ಯಾನೇಜರ್. ನಾಗಪುರದ ಮಂದಿ ಯಾವ ದೇಶ ಸುತ್ತಿದರೂ ರಾತ್ರಿಗೆ ಬಿಸಿ ವರಣ-ಭಾತ್, ಅಂದರೆ ತೊವ್ವೆ-ಅನ್ನ, ಕೇಳುತ್ತಾರೆ. ಅಡುಗೆಯವರಿಲ್ಲದ ಟೂರಿಗೆ ಬುಕಿಂಗೇ ಆಗುವುದಿಲ್ಲ. ಹಾಗಾಗಿ ಕಲಾವತಿಗೆ ಪಾಸ್‌ಪೋರ್ಟ್ ಬಂತು. ಖಾನಾವಳಿಯ ಗಲ್ಲಾ ಗಂಡನ ಕೈಗೆ ಹೋಯಿತು.

ಜಪಾನು ಆಕೆಯ ಒಂಬತ್ತನೆಯ ದೇಶ. ಆ ದಿನ ಗುಂಪು ಒಂದು ಹಳೆಯ ಕೋಟೆಯನ್ನು ನೋಡಬೇಕಿತ್ತು. ಮಧ್ಯಾಹ್ನದ ಊಟ ಪೊಟ್ಟಣದಲ್ಲಿ ಹಂಚಿ ಆಗಿತ್ತು. ಎಂದಿನಂತೆ ಕಲಾವತಿ ಬಸ್ಸಿನಲ್ಲೇ ಕೂತು ಸಂಜೆಗೆ ಬೆಳ್ಳುಳ್ಳಿ ಸುಲಿಯಲು ಅಣಿಯಾಗಿದ್ದಳು.

"ಆಂಟಿ, ಉಠೋ ಉಠೋ" ಎಂದಳು ತನ್ವಿ. ನಾಗಪುರದಲ್ಲೇ ಹುಟ್ಟಿ ಬೆಳೆದ, ಕನ್ನಡಿಗ ರೈಲ್ವೆ ನೌಕರರ ಮಗಳು ಅವಳು. ಜಪಾನೀ ಭಾಷೆ ಕಲಿತು ಈ ಟೂರಿಗೆ ದುಭಾಷಿಯಾಗಿ ಬಂದಿದ್ದಳು. "ಒಂಬತ್ತು ದೇಶ ನೋಡೀನಿ ಅಂತೀರಿ. ನೀವು ನೋಡಿದ್ದು ಒಂಬತ್ತು ಸಿಂಕು!"

"ಬಾ ಅಕ್ಕಾ" ಎಂದು ಬೋಕಡೆ ಕಾಕಾ ದನಿಗೂಡಿಸಿದ. ಟೂರಿಗೆ ಬಂದಿದ್ದ ಇತವಾರಿ ಪೇಟೆಯ ಹಾರ್ಡ್‌ವೇರ್ ವ್ಯಾಪಾರಿ ಅವನು. ಖಾನಾವಳಿಯಲ್ಲಿ ಉಂಡುಂಡು ಮುರುಕು ಕನ್ನಡ ಕಲಿತಿದ್ದ. "ಕಿಲ್ಲಾದಾಗ ಕುಕ್ಕರ್ ಇಲ್ಲ, ಘಾಬರಿ ಆಗಬ್ಯಾಡ."

ತನ್ವಿಯ ಹಳೆಯ ಜಾಕೀಟು ತೊಟ್ಟು ಕಲಾವತಿ ಹೊರಟಳು. ನೀರಿನ ಕಂದಕದ ಆಚೆ, ಹಲಗೆಗಳಿಗೆಲ್ಲ ಕಪ್ಪು ಬಳಿದ ಐದು ಮಹಡಿಯ ಕೋಟೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದಾಗ ಆಕೆಗೆ ಸಮಾಧಾನವೇ ಆಯಿತು. ಆದರೆ ಬಿಟ್ಟ ಚಪ್ಪಲಿಯನ್ನು ಅಲ್ಲೇ ಇಡುವಂತಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೊತೆಗೇ ಒಯ್ಯಬೇಕು. ಒಳಗಿನ ಏಣಿಮೆಟ್ಟಿಲುಗಳೋ ಗೋಡೆಯ ಹಾಗೆ ನೆಟ್ಟಗೆ. ಎರಡೂ ಕೈಯಲ್ಲಿ ಪಕ್ಕದ ಕಂಬಿ ಹಿಡಿದೇ ಹತ್ತಬೇಕು. ಎಲ್ಲರೂ ಚೀಲವನ್ನು ಮುಂಗೈಗೆ ತೂಗುಹಾಕಿ, ಎದೆಗೆ ಒತ್ತಿಕೊಂಡು ಹತ್ತುತ್ತಿದ್ದರು.

ಚರ್ಮದ ಚಪ್ಪಲಿ ಎದೆಯ ಮೇಲಿನ ಲಿಂಗಕ್ಕೆ ತಗಲುವುದೆಂದರೇನು! ಕಲಾವತಿ ಒಂದು ಕ್ಷಣ ನಿಂತಳು. ಆಮೇಲೆ ಸೆರಗಿನ ಮರೆಯಲ್ಲಿ ಕೈ ಹಾಕಿ, ಶಿವದಾರವನ್ನು ತಿರುಗಿಸಿ, ಲಿಂಗವನ್ನು ಬೆನ್ನಿಗೆ ಸರಿಸಿಕೊಂಡಳು. ಜಾಕೀಟಿನ ಒಳಗೆ, ಎರಡು ಹೆಗಲ ನಡುವೆ, ಅದು ಬೆಚ್ಚಗೆ ಕೂತಿತು. ಬುದ್ಧಿವಂತಿಕೆ ಮಾಡಿದೆನೆಂದೇ ಅಂದುಕೊಂಡಳು.

ಒಂದನೆಯ ಮಹಡಿ ದಾಟಿ ಎರಡನೆಯದಕ್ಕೆ ಬಂದರು. ಅದು ವಸ್ತುಸಂಗ್ರಹಾಲಯ. ಗಾಜಿನ ಪೆಟ್ಟಿಗೆಗಳಲ್ಲಿ ಉದ್ದನೆಯ ಕೋವಿಗಳು, ಮದ್ದಿನ ಕೊಂಬುಗಳು, ಸಾಲುಸಾಲಾಗಿ ಕರಿಯ ಗುಂಡುಗಳು. ಅಲ್ಲಿಂದ ಮೇಲೆ ತೊಲೆಗಳು ತಗ್ಗಾಗುತ್ತ ಹೋದವು. ಬಾಗಿದ ಬೆನ್ನು ಎಷ್ಟು ಸಲ ಅವಕ್ಕೆ ಉಜ್ಜಿತೋ ಲೆಕ್ಕವಿಲ್ಲ. ಐದನೆಯ ಮಹಡಿಯಲ್ಲಿ, ಮಾಡಿನ ಕೆಳಗೆ, ಕೋಟೆ ಕಾಯುವ ದೇವರ ಪುಟ್ಟ ಗುಡಿಯೊಂದಿತ್ತು. ಯಾವ ದೇವರಾದರೇನು ಎಂದು ಕಲಾವತಿ ಕಣ್ಣು ಮುಚ್ಚಿದಳು. ಕೈ ತಾನಾಗಿ ಎದೆಗೆ ಹೋಯಿತು. ಇಲ್ಲ, ಬೆನ್ನಿಗೆ ಸರಿಸಿದ್ದೆನಲ್ಲ. ಕೈ ಬೆನ್ನಿಗೆ ಹೋಯಿತು.

ಕಡಿದ ದಾರ ಕೈಗೆ ಬಂತು. ದಾರದ ತುದಿಗೆ ಲಿಂಗವಸ್ತ್ರ. ಗಂಟು ಸಡಿಲಾಗಿತ್ತು, ವಸ್ತ್ರದೊಳಗೆ ಏನೂ ಇರಲಿಲ್ಲ.

"ಏನಾಯ್ತು ಆಂಟಿ?" ಎಂದು ತನ್ವಿ ಕೇಳಿದಳು. ಕಲಾವತಿಯ ಮುಖದಲ್ಲಿ ರಕ್ತವಿರಲಿಲ್ಲ. ತನ್ವಿ ನೀರಿನ ಬಾಟಲಿ ಚಾಚಿದವಳು, ಖಾಲಿ ಬಟ್ಟೆ ಕಂಡು ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಅವಳ ಅಜ್ಜಿಯೂ ಲಿಂಗವಂತೆಯೇ. ಈಗ ಈ ಹೆಂಗಸು ನೀರು ಮುಟ್ಟುವುದಿಲ್ಲ, ಒಲೆಯನ್ನೂ ಮುಟ್ಟುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇಬ್ಬರೂ ಒಂದೊಂದೇ ಮೆಟ್ಟಿಲು ಸವರುತ್ತ ಇಳಿದರು. ಮೇಲೆ ಬರುವವರು ಬೈದುಕೊಳ್ಳುತ್ತಿದ್ದರೋ ದಾರಿ ಬಿಡುತ್ತಿದ್ದರೋ, ಕಲಾವತಿಗೆ ಒಂದೂ ಕಾಣಲಿಲ್ಲ. ಎರಡನೆಯ ಮಹಡಿಗೆ ಬಂದಾಗ ಅಲ್ಲಿ ಅಡ್ಡಹಗ್ಗ ಕಟ್ಟಿತ್ತು. ನೀಲಿ ಕೋಟಿನ ಮುದುಕನೊಬ್ಬ ಬಿಳಿಯ ಕೈಗವಸು ತೊಟ್ಟು ಮೇಜಿನ ಮುಂದೆ ನಿಂತಿದ್ದ. ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಆಕೆಯ ಲಿಂಗ!

"ನನ್ನಪ್ಪಾ!" ಎಂದು ಕಲಾವತಿ ಹಗ್ಗ ದಾಟಿ ಕೈ ಚಾಚಿದಳು. ಮುದುಕ ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದ.

ಅವನ ಹೆಸರು ಹೊರಿಗುಚಿ, ಈ ಮಹಡಿಯ ಪಾಲಕ. ತನ್ವಿ ಅವನ ಮಾತನ್ನು ತುಂಡುತುಂಡಾಗಿ ಹೇಳಿದಳು. ನಿನ್ನೆ ತಾನೆ ಗುಂಡುಗಳ ಮೂರು ಪೆಟ್ಟಿಗೆಗಳನ್ನು ತೆರೆದು ಒರೆಸಿದ್ದಾರೆ. ಇಂದು ಮೆಟ್ಟಿಲ ಬುಡದಲ್ಲಿ ಇದು ಸಿಕ್ಕಿದೆ. ನಿನ್ನೆ ಬಿದ್ದುಹೋದ ಗುಂಡೇ ಇರಬಹುದು. ಎಲ್ಲ ಗುಂಡುಗಳನ್ನು ಎಣಿಸಿ ಪಟ್ಟಿಗೆ ತಾಳೆ ನೋಡುವವರೆಗೆ ಯಾರಿಗೂ ಕೊಡುವಂತಿಲ್ಲ.

"ಗುಂಡು ಸೀಸದ್ದು, ಭಾರ ಇರ್ತಾವ. ಇದು ಹಗುರ ಐತಿ. ಎತ್ತಿ ನೋಡಂತ ಹೇಳು."

"ಎತ್ತಿ ನೋಡಿದಾರಂತೆ ಆಂಟಿ. ಮಣ್ಣಿನ ಗುಂಡುಗಳೂ ಇವೆಯಂತೆ, ಹಗುರಾದವು."

"ಎಷ್ಟು ಅದಾವ?"

"ನಾನೂರ ಹನ್ನೆರಡು."

ಹೊರಿಗುಚಿ ಪೆಟ್ಟಿಗೆಗೆ ತಲೆಬಾಗಿ, ಬೀಗ ತೆರೆದ. ಪಟ್ಟಿ ಹಿಡಿದ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತಳು. ಅವನು ಒಂದು ಗುಂಡು ಎತ್ತಿ ಬೆಳಕಿಗೆ ಹಿಡಿದು ಸಂಖ್ಯೆ ಹೇಳುವನು, ಆಕೆ ಪೆನ್ಸಿಲಿನಿಂದ ಗೀಟು ಹಾಕುವಳು, ಆಮೇಲೆ ಇನ್ನೊಂದು. ತನ್ವಿ ಮೆಲ್ಲಗೆ ಕನ್ನಡದಲ್ಲಿ ಎಣಿಸತೊಡಗಿದಳು. ಮೊದಲ ಇಪ್ಪತ್ತಕ್ಕೆ ಏಳು ನಿಮಿಷ ಹಿಡಿಯಿತು.

ಮೂರೂಕಾಲಿಗೆ ಬಸ್ಸು ಹೊರಡಬೇಕಿತ್ತು. ಮೂರೂವರೆಗೆ ಕೃಷ್ಣಪ್ರಸಾದ ಏದುಸಿರು ಬಿಡುತ್ತ, ಬೂಟಿನ ಚೀಲ ಹಿಡಿದು ಹತ್ತಿಬಂದ. ಹಿಂದೆಯೇ ಬೋಕಡೆ ಕಾಕಾ.

"ಕಲಾವತಮ್ಮ, ಮೂವತ್ತೊಂದು ಜನ ಬಸ್ಸಲ್ಲಿ ಕೂತಿದ್ದಾರೆ! ಹೋಟೆಲಿಗೆ ಎರಡು ಗಂಟೆ ದಾರಿ. ಅಲ್ಲಿ ಅಡುಗೆಮನೆ ಕೊಡೋದು ಎಂಟರವರೆಗೆ ಮಾತ್ರ. ಗೊತ್ತಲ್ವಾ?"

"ಗೊತ್ತೈತ್ರಿ."

"ವಿಳಾಸ ಕೊಟ್ಟು ಹೋಗೋಣ. ಪಾರ್ಸೆಲ್ ಮಾಡ್ತಾರೆ."

"ಅದು ಪಾರ್ಸೆಲ್ ಮಾಡೂ ವಸ್ತು ಅಲ್ರಿ. ಅದು ಮೈಮ್ಯಾಲೆ ಬರೂತನಕ ನಾ ಒಲಿ ಹಚ್ಚಂಗಿಲ್ಲ. ಹಚ್ಚಿದ್ರೂ ಆ ಅನ್ನ ನಿಮಗ ಬಡಸೂ ಧೈರ್ಯ ನನಗಿಲ್ಲ."

"ಉಪವಾಸ್ ನಿಂದು, ಶಿಕ್ಷಾ ನಮಗ!" ಎಂದ ಬೋಕಡೆ ಕಾಕಾ. ನಗಿಸಲು ಆಡಿದ ಮಾತು. ಯಾರೂ ನಗಲಿಲ್ಲ. ಅವನು ಪೆಚ್ಚಾಗಿ, "ಬಸ್ಸಿನಾಗ ನಾ ಸಂಭಾಳಿಸ್ತೀನಿ, ಅವಲಕ್ಕಿ ಚಿವಡಾ ಐತಿ" ಎಂದು ಇಳಿದುಹೋದ.

ಕೃಷ್ಣಪ್ರಸಾದ ದನಿ ತಗ್ಗಿಸಿದ. ಏರುದನಿಗಿಂತ ಅದೇ ಹೆಚ್ಚು ಇರಿಯಿತು. "ನಾಲ್ಕು ಗಂಟೆಗೆ ಬಸ್ಸು ಬಿಡ್ತೀನಿ. ಆಮೇಲೆ ನೀವು ಬಂದ್ರೂ ಇದು ನಿಮ್ಮ ಕಡೇ ಟೂರು. ಆಫೀಸಿಗೆ ನಾನು ಏನಂತ ಹೇಳಲಿ? ಅಡುಗೆಯವರು ಒಂದು ಕಲ್ಲಿಗೆ ಕಾಯ್ತಿದ್ರು ಅಂತಲೇ?"

ಕಲಾವತಿ ಮತ್ತೆ ಮೇಜಿನ ಕಡೆ ತಿರುಗಿದಳು. ಎರಡು ಮಾರು ದೂರದಲ್ಲಿ ತಟ್ಟೆ. ಮೂವತ್ತಾರು ವರ್ಷ ನಾಗಪುರದಲ್ಲಿ, ಅದಕ್ಕೂ ಮುಂಚೆ ತವರಿನಲ್ಲಿ, ದಿನಾ ಅಂಗೈಯಲ್ಲಿ ಕಂಡದ್ದನ್ನು ಇವತ್ತು ಪರರ ವಸ್ತುವಿನ ಹಾಗೆ ದೂರದಿಂದ ನೋಡಬೇಕಾಗಿತ್ತು. ತಾನೇ ಬೆನ್ನಿಗೆ ಸರಿಸಿದ್ದು. ಯಾರನ್ನು ಬೈಯಲಿ?

ಎಣಿಕೆಯ ನಡುವೆ ಹೊರಿಗುಚಿ ತಲೆಯೆತ್ತಿ ಏನೋ ಕೇಳಿದ.

"ನಿಮ್ಮದೇ ಅನ್ನೋದಕ್ಕೆ ಗುರುತು ಇದೆಯಾ ಅಂತ" ಎಂದಳು ತನ್ವಿ.

"ತಳದಾಗ ಅಕ್ಕಿಕಾಳಿನಷ್ಟು ಚಕ್ಕಿ ಎದ್ದೈತಿ. ಒಳಗ ಬೂದಿಬಣ್ಣ ಕಾಣತೈತಿ. ಖಾಪರಖೇಡಾದಾಗ ಪೂಜಿ ಮಾಡೂವಾಗ ಸಣ್ಣ ಮಗ ಓಡಿಬಂದು ಕೈಗೆ ಹಾಯ್ದಿದ್ದ, ಲಿಂಗ ಗಿಂಡಿಗೆ ತಾಗಿ ಆಗಿದ್ದು. ಆ ಮ್ಯಾಲೆ ಅಂವ ಹಂಗ ಬರಲಿಲ್ಲ, ನಾನೂ ಬೈಲಿಲ್ಲ." ಬೇಡದ ಮಾತೂ ಸೇರಿ ಹೋಯಿತು. ಆದರೂ ತನ್ವಿ ಎಲ್ಲವನ್ನೂ ಹೇಳಿದಳು. ಕಲಾವತಿ ಕಡಿದ ದಾರವನ್ನೂ ಖಾಲಿ ವಸ್ತ್ರವನ್ನೂ ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ವಸ್ತ್ರದ ನಡುವೆ ವಿಭೂತಿಯ ಉರುಟು ಗುರುತಿತ್ತು.

ಹೊರಿಗುಚಿ ಒಂದು ಬೆರಳಿನಿಂದ ಲಿಂಗವನ್ನು ಹೊರಳಿಸಿದ. ಬಾಗಿ ತಳ ನೋಡಿದ. ವಸ್ತ್ರ ನೋಡಿದ. ಆಕೆಯ ಮುಖ ನೋಡಿದ. ಮತ್ತೆ ಪೆಟ್ಟಿಗೆಗೆ ತಿರುಗಿ ನಾಲ್ಕೈದು ಗುಂಡು ಎಣಿಸಿದ. "ಒಂದು ನೂರ ಮೂವತ್ತೇಳು" ಎಂದು ತನ್ವಿ ಪಿಸುಗುಟ್ಟಿದಳು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಆಗ ಮುದುಕ ಕೈಯಲ್ಲಿದ್ದ ಗುಂಡನ್ನು ಕೆಳಗಿಟ್ಟ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ತಂದು, ಕಲಾವತಿಯ ಮುಂದೆ ಹಿಡಿದು ತಲೆಬಾಗಿದ. ಪಟ್ಟಿಯ ಹೆಂಗಸು ಗಾಬರಿಯಿಂದ ಏನೋ ಅಂದಳು. ಅವನು ಕೇಳದವನ ಹಾಗಿದ್ದ.

"ತಗೊಳ್ಳಿ ಅಂತಿದಾರೆ ಆಂಟಿ!" ಎಂದಳು ತನ್ವಿ. "ಎಣಿಕೆ ಪೂರಾ ಆಗದೆ ಕೊಡೋ ಹಾಗಿಲ್ಲ. ಆದ್ರೂ ನಂಬ್ತೀನಿ, ಕೊಡ್ತೀನಿ ಅಂತಾರೆ. ಉಳಿದಿದ್ದು ಆಮೇಲೆ ಎಣಿಸ್ತಾರಂತೆ. ಕಮ್ಮಿ ಬಂದ್ರೆ ಜವಾಬ್ದಾರಿ ಅವರದಂತೆ."

"ದೇವರು ದೊಡ್ಡವನು" ಎಂದ ಕೃಷ್ಣಪ್ರಸಾದ. "ಹಾಕ್ಕೊಳ್ಳಿ, ಹೊರಡಿ, ಜಲ್ದಿ!"

ಕಲಾವತಿಯ ಎಡಗೈ ಆಗಲೇ ಮುಂದೆ ಹೋಗಿತ್ತು. ತಟ್ಟೆಗೆ ಗೇಣು ದೂರದಲ್ಲಿ ಅದು ನಿಂತಿತು. ಆಕೆ ಪಟ್ಟಿಯ ಹೆಂಗಸನ್ನು ನೋಡಿದಳು. ಪೆನ್ಸಿಲು ಗಾಳಿಯಲ್ಲೇ ಇತ್ತು. ಮುಂದಿನ ಗೀಟು ಎಲ್ಲಿ ಹಾಕುವುದೆಂದು ತಿಳಿಯದೆ ಅವಳು ಮುದುಕನ ಬೆನ್ನು ನೋಡುತ್ತಿದ್ದಳು. ಕಲಾವತಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎರಡೂ ಅಂಗೈ ಜೋಡಿಸಿ ಮುದುಕನಿಗೆ ಮುಗಿದಳು. ಆಮೇಲೆ ಗೋಡೆಗೆ ಒರಗಿ ನೆಲದ ಹಲಗೆಯ ಮೇಲೆ ಕೂತಳು.

"ಏನಮ್ಮಾ ಇದು!" ಎಂದ ಕೃಷ್ಣಪ್ರಸಾದ.

"ನೀವು ಬಸ್ಸು ಬಿಡ್ರಿ ಅಣ್ಣಾ. ನಾನು ಹೆಂಗರ ಬರ್ತೀನಿ" ಎಂದಳು ಆಕೆ. ಬಳಿಕ ತನ್ವಿಯ ಕಡೆ ತಿರುಗಿದಳು. "ನೀ ಅವರಿಗೆ ಸರಿಯಾಗಿ ಹೇಳವ್ವಾ. ನನ್ನ ನೇಮಕ್ಕ ಮೂವತ್ತೊಂದು ಮಂದೀನ ಕಾಯಾಕ ಕುಂದ್ರಿಸೀನಿ. ಅವರ ನೇಮ ಮುರಿಸಿ ತಗೊಂಡು ಹೋಗಾಕ ನನಗ ಯಾ ಮುಖ ಐತಿ? ಅವರು ಕೊಟ್ಟಂಗ ಆತು, ಎಣಿಕಿ ಮುಗಿದ ಮ್ಯಾಲೆ ನಾ ತಗೋತೀನಿ. ನೂರಾ ಮೂವತ್ತೇಳಕ್ಕ ನಿಂತೈತಿ. ನೂರಾ ಮೂವತ್ತೆಂಟರಿಂದ ಶುರು ಮಾಡಂತ ಹೇಳು."